ಲಿವರ್ ಕಸಿ ಆದವರನ್ನು ಮನೆಗೆ ಕರೆತರುವ ಮುನ್ನ: ಎರಡನೇ ಸಲ ನಾವು ಮಾಡಿಕೊಂಡ ತಯಾರಿ

ನನ್ನ ಅಣ್ಣ ಲಿವರ್ ಕಸಿ ಮಾಡಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಎರಡು ಸಲ. ಮೊದಲ ಸಲ ಆಪರೇಷನ್ ಆದ 18ನೇ ದಿನ ಬಂದ. ಆರು ದಿನಕ್ಕೆ ವಾಪಸ್ ಅದೇ ವಾರ್ಡಿಗೆ ಹೋದ. ಎರಡನೇ ಸಲ ಬಂದ ಮೇಲೆ ಮನೆಯಲ್ಲೇ ಉಳಿದ. ಲಿವರ್ ಅದೇ, ಡಾಕ್ಟರು ಅವರೇ, ಮನೆಯೂ ಅದೇ. ತಯಾರಿ ಮಾತ್ರ ಬೇರೆ ಇತ್ತು. ಆ ತಯಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಿವರಿನ ಭಾಗ ಕೊಟ್ಟವರು ಅತ್ತಿಗೆ. ಹಾಗಾಗಿ ಇಬ್ಬರನ್ನೂ ನೋಡಿಕೊಳ್ಳುವ ಕೆಲಸ ತಂಗಿಯಾದ ನನ್ನ ಪಾಲಿಗೆ ಬಂತು. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಪ್ರತಿ ಕಸಿ ಕೇಂದ್ರಕ್ಕೂ ತನ್ನದೇ ಪದ್ಧತಿ ಇರುತ್ತದೆ. ನಾನು ಇಲ್ಲಿ ಹೇಳಿದ್ದಕ್ಕೂ ನಿಮ್ಮ ಡಾಕ್ಟರು ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ.

ಮೊದಲ ಸಲ ಏನಾಯಿತು

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಅಂದರು. ನಮಗೆ ಖುಷಿಯೋ ಖುಷಿ. ಮಧ್ಯಾಹ್ನದ ಹೊತ್ತಿಗೆ ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂತು. ಜೊತೆಗೆ ಔಷಧಿ ಚೀಟಿ. ನರ್ಸ್ ಹತ್ತು ನಿಮಿಷದಲ್ಲಿ ಎಲ್ಲ ವಿವರಿಸಿದರು. ನಾನು ತಲೆಯಾಡಿಸಿದೆ. ಅಣ್ಣನೂ ತಲೆಯಾಡಿಸಿದ. ಇಬ್ಬರಿಗೂ ಅರ್ಧದಷ್ಟೂ ತಲೆಗೆ ಹೋಗಿರಲಿಲ್ಲ.

ಟ್ಯಾಕ್ರೋಲಿಮಸ್ ಅಂತ ಒಂದು ಔಷಧಿ ಇದೆ. "ಇದು ನನ್ನದಲ್ಲ" ಅಂತ ದೇಹ ಹೊಸ ಲಿವರಿನ ಮೇಲೆ ಬೀಳದಂತೆ ತಡೆಯುವ ಮುಖ್ಯ ಔಷಧಿ ಅದು. ಅಣ್ಣನ ಡೋಸ್ ಬೆಳಿಗ್ಗೆ 2.5 ಮಿಲಿಗ್ರಾಂ, ರಾತ್ರಿ 2.5 ಮಿಲಿಗ್ರಾಂ. ವಾರ್ಡಿನಲ್ಲಿ 1 ಮಿಲಿಗ್ರಾಂನ ಎರಡು ಕ್ಯಾಪ್ಸೂಲ್, 0.5 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಕೊಡುತ್ತಿದ್ದರು. ನನ್ನ ತಲೆಯಲ್ಲಿ ಉಳಿದಿದ್ದು "ಮೂರು ಕ್ಯಾಪ್ಸೂಲ್" ಅನ್ನುವುದು ಮಾತ್ರ. ಔಷಧಿ ಅಂಗಡಿಯಲ್ಲಿ ಆ ದಿನ ಸಿಕ್ಕಿದ್ದು ಬರೀ 0.5ರದ್ದು. ನಾನು ಮೂರು ಕೊಟ್ಟೆ. ಅಂದರೆ 2.5ರ ಬದಲು 1.5 ಮಿಲಿಗ್ರಾಂ. ಐದು ದಿನ, ಹತ್ತು ಡೋಸ್, ಹೀಗೇ ನಡೆಯಿತು.

ಅಣ್ಣನಿಗೆ ಏನೂ ಗೊತ್ತಾಗಲಿಲ್ಲ. ಜ್ವರ ಇಲ್ಲ, ನೋವಿಲ್ಲ, ಕಣ್ಣು ಹಳದಿ ಆಗಿಲ್ಲ. ಚೆನ್ನಾಗಿಯೇ ಊಟ ಮಾಡುತ್ತಿದ್ದ. ಆರನೇ ದಿನದ ರಕ್ತ ಪರೀಕ್ಷೆಯಲ್ಲಿ ಔಷಧಿಯ ಮಟ್ಟ ತೀರಾ ಕೆಳಗೆ ಬಂತು. ಲಿವರಿಗೆ ಪೆಟ್ಟು ಬಿದ್ದಾಗ ಏರುವ ಎಎಲ್‌ಟಿ, ಎಎಸ್‌ಟಿ ಎರಡೂ ಏರಿದ್ದವು. ಲಿವರಿನ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದರು. ರಿಜೆಕ್ಷನ್, ಅಂದರೆ ದೇಹ ಹೊಸ ಲಿವರಿನ ಮೇಲೆ ಬೀಳುವುದು, ಶುರುವಾಗಿತ್ತು. ಮೂರು ದಿನ ರಕ್ತನಾಳದ ಮೂಲಕ ಜೋರು ಡೋಸಿನ ಸ್ಟೀರಾಯ್ಡ್ ಕೊಟ್ಟ ಮೇಲೆ ಹತೋಟಿಗೆ ಬಂತು. ಬೇಗ ಗೊತ್ತಾದರೆ ಇಂಥ ರಿಜೆಕ್ಷನ್ ಬಹುಪಾಲು ಔಷಧಿಯಲ್ಲೇ ನಿಲ್ಲುತ್ತದೆ. ಆದರೆ ಆ ಸ್ಟೀರಾಯ್ಡಿನಿಂದ ಅಣ್ಣನ ಶುಗರ್ ಏರಿತು. ಎರಡನೇ ಸಲ ಇನ್ಸುಲಿನ್ ಹಿಡಿದುಕೊಂಡು ಮನೆಗೆ ಬರಬೇಕಾಯಿತು.

ಆ ರಾತ್ರಿ ನಾನು ವಾರ್ಡಿನ ಹೊರಗೆ ಕೂತು ಅತ್ತೆ. ಪಾಳಿ ಮುಗಿಸಿ ಹೊರಟಿದ್ದ ಒಬ್ಬ ಹಿರಿಯ ನರ್ಸ್ ಪಕ್ಕದಲ್ಲಿ ಕೂತರು. "ನಾಳೆಯಿಂದ ಮಾತ್ರೆ ನಾವು ಕೊಡಲ್ಲ. ನೀವೇ ತೆಗೆದು ಕೊಡಿ, ನಾವು ನಿಂತು ನೋಡ್ತೀವಿ" ಅಂದರು. ನಮ್ಮ ಎರಡನೇ ಡಿಸ್ಚಾರ್ಜಿನ ತಯಾರಿ ಅಲ್ಲಿಂದ ಶುರುವಾಯಿತು.

ಮನೆಯಲ್ಲಿ ಮಾಡಬೇಕಾದ್ದನ್ನು ವಾರ್ಡಿನಲ್ಲೇ ಮಾಡಿ ಕಲಿಯಿರಿ

ಆಸ್ಪತ್ರೆಯಲ್ಲಿ ಮೂರು ಪಾಳಿಯ ನರ್ಸುಗಳು, ಫಾರ್ಮಸಿಸ್ಟ್, ಡಯಟಿಷಿಯನ್, ಫಿಸಿಯೋ ಎಲ್ಲ ಸೇರಿ ಮಾಡುತ್ತಿದ್ದ ಕೆಲಸ ಡಿಸ್ಚಾರ್ಜ್ ದಿನ ಮನೆಯವರೊಬ್ಬರ ಮೇಲೆ ಬೀಳುತ್ತದೆ. ಕೇಳಿಸಿಕೊಂಡರೆ ಅದು ಬರುವುದಿಲ್ಲ, ಮಾಡಿ ನೋಡಬೇಕು. ಕಡಿಮೆ ಅಂದರೆ ಮೂರು ದಿನ, ಬೆಳಿಗ್ಗೆ ರಾತ್ರಿ ಎರಡೂ ಹೊತ್ತು, ಮಾತ್ರೆ ತೆಗೆಯುವುದು ನೀವೇ ಆಗಿರಲಿ. ನರ್ಸ್ ಪಕ್ಕದಲ್ಲಿ ನಿಂತಿರಲಿ. ಬಿಪಿ ನೀವೇ ನೋಡಿ. ಇನ್ಸುಲಿನ್ ಇದ್ದರೆ ನೀವೇ ಚುಚ್ಚಿ. ಡ್ರೆಸಿಂಗ್ ಬದಲಾಯಿಸುವುದಿದ್ದರೆ, ಹೊಟ್ಟೆಗೆ ಹಾಕಿದ ಡ್ರೈನ್ ಪೈಪಿನ ಚೀಲ ಖಾಲಿ ಮಾಡಿ ಅಳೆಯುವುದಿದ್ದರೆ, ಅದನ್ನೂ ಅವರ ಕಣ್ಣೆದುರೇ ಮಾಡಿ. ತಪ್ಪಾದರೆ ಅಲ್ಲೇ ತಿದ್ದುತ್ತಾರೆ. ಕೇಳಲು ಸಂಕೋಚ ಬೇಡ. ಹೆಚ್ಚಿನ ನರ್ಸುಗಳಿಗೆ ಇದು ಇಷ್ಟವೇ ಆಗುತ್ತದೆ.

ಇನ್ನೊಂದು ಅಭ್ಯಾಸ ನಮಗೆ ತುಂಬಾ ಸಹಾಯ ಮಾಡಿತು. ಅವರು ಏನಾದರೂ ವಿವರಿಸಿದ ಕೂಡಲೇ "ಒಂದು ನಿಮಿಷ, ನನಗೆ ಅರ್ಥ ಆಗಿದ್ದನ್ನು ಹೇಳ್ತೀನಿ, ಸರಿನಾ ನೋಡಿ" ಅಂತ ತಿರುಗಿ ಒಪ್ಪಿಸುತ್ತಿದ್ದೆ. ಹಾಗೆ ಮಾಡುವಾಗಲೇ ನನ್ನ ಎರಡು ತಪ್ಪು ಸಿಕ್ಕಿದವು.

ರೋಗಿಗೆ ಮಾತ್ರ ಹೇಳಿ ಹೋದರೆ ಸಾಲದು, ಇದನ್ನು ಆಸ್ಪತ್ರೆಯ ಕಸಿ ತಂಡಕ್ಕೆ ಮೊದಲೇ ಹೇಳಿ. ತುಂಬ ದಿನ ಲಿವರ್ ಕೆಟ್ಟಿದ್ದವರ ತಲೆ ಮಂಜು ಕವಿದಂತೆ ಆಗಿರುತ್ತದೆ. ಮೇಲಿಂದ ನಿದ್ದೆ ಇಲ್ಲ, ಸ್ಟೀರಾಯ್ಡ್ ಬೇರೆ. ನನ್ನ ಅಣ್ಣ ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದ, ಒಂದು ಗಂಟೆ ಬಿಟ್ಟು ಕೇಳಿದರೆ ನೆನಪೇ ಇರುತ್ತಿರಲಿಲ್ಲ. ಕಲಿಯುವವರು ಇಬ್ಬರಿರಲಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಬೇಕಲ್ವಾ? ಅಣ್ಣ ಚೇತರಿಸಿಕೊಂಡ ಹಾಗೆ ತನ್ನ ಮಾತ್ರೆ ತಾನೇ ತೆಗೆಯುವುದನ್ನು ಕಲಿತ. ಕೊನೆಗೆ ಅವನಿಗೇ ಅದು ಬರಬೇಕು. ಜೀವನಪೂರ್ತಿ ಮಾಡಬೇಕಾದ ಕೆಲಸ ಅದು.

ಮಾತ್ರೆಗಳ ಪಟ್ಟಿ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ನಾವು ಎಡವಿದ್ದು ಇಲ್ಲೇ.

ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿ. ಔಷಧಿಯ ಹೆಸರು, ಯಾತಕ್ಕೆ, ಒಂದು ಹೊತ್ತಿಗೆ ಒಟ್ಟು ಎಷ್ಟು ಮಿಲಿಗ್ರಾಂ, ನಮ್ಮ ಕೈಯಲ್ಲಿರುವ ಒಂದು ಮಾತ್ರೆ ಎಷ್ಟು ಮಿಲಿಗ್ರಾಂ, ಹಾಗಾದರೆ ಎಷ್ಟು ಮಾತ್ರೆ, ಎಷ್ಟು ಗಂಟೆಗೆ, ಊಟಕ್ಕೆ ಮೊದಲೋ ಆಮೇಲೋ, ಯಾವ ದಿನಾಂಕದವರೆಗೆ. ಎಷ್ಟು ಮಾತ್ರೆ ಅನ್ನುವುದನ್ನು ಎಂದೂ ಬಾಯಿಪಾಠ ಮಾಡಬೇಡಿ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಮಾಡಿ. ಈ ಹಾಳೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮೊದಲ ಎರಡು ಮೂರು ತಿಂಗಳಲ್ಲಿ ಡೋಸ್ ಆಗಾಗ ಬದಲಾಗುತ್ತದೆ. ಬದಲಾದಾಗ ಹಳೆಯದನ್ನು ಅಳಿಸಿ, ಹೊಸದರ ಪಕ್ಕ ದಿನಾಂಕ ಮತ್ತು ಹೇಳಿದವರ ಹೆಸರು ಹಾಕಿ. ಫೋನಿನಲ್ಲಿ ಡೋಸ್ ಬದಲಾಯಿಸಿದರೆ ಅಂಕಿಯನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ. "ಎರಡು" ಅಂದರೆ ಎರಡು ಕ್ಯಾಪ್ಸೂಲೋ, ಎರಡು ಮಿಲಿಗ್ರಾಮೋ, ಕೇಳಲೇಬೇಕು.

ಟ್ಯಾಕ್ರೋಲಿಮಸನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ಬಗೆಯೂ ಇದೆ, ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ಬಗೆಯೂ ಇದೆ. ಹೆಸರು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಕೊಡುವಂತಿಲ್ಲ. ಕಂಪನಿ ಬದಲಾಯಿಸುವುದಿದ್ದರೂ ಮೊದಲು ತಂಡವನ್ನು ಕೇಳಿ, ಆಮೇಲೆ ರಕ್ತದಲ್ಲಿ ಮಟ್ಟ ನೋಡಬೇಕಾಗುತ್ತದೆ. ಎರಡು ಹೊತ್ತಿನದಾದರೆ ನಡುವೆ 12 ಗಂಟೆ ಇರಬೇಕು. ನಾವು ಬೆಳಿಗ್ಗೆ 8, ರಾತ್ರಿ 8 ಅಂತ ಇಟ್ಟುಕೊಂಡೆವು. ಇಬ್ಬರ ಫೋನಿನಲ್ಲೂ ಅಲಾರಂ. ಮೂರನೆಯದು ಗೋಡೆಯ ಮೇಲಿನ ಹಾಳೆ, ಕೊಟ್ಟ ಕೂಡಲೇ ಟಿಕ್ ಹಾಕುವುದಕ್ಕೆ. ಟಿಕ್ ಇಲ್ಲದಿದ್ದರೆ "ಕೊಟ್ಟೆನಾ ಇಲ್ವಾ" ಅನ್ನುವ ಅನುಮಾನ ಬಂದೇ ಬರುತ್ತದೆ.

ರಕ್ತದಲ್ಲಿ ಈ ಔಷಧಿಯ ಮಟ್ಟ ನೋಡುವ ದಿನ ಬೆಳಗಿನ ಡೋಸನ್ನು ರಕ್ತ ಕೊಟ್ಟ ಮೇಲೆಯೇ ತೆಗೆದುಕೊಳ್ಳಬೇಕು. ಮುಂದಿನ ಡೋಸಿಗೆ ಸ್ವಲ್ಪ ಮೊದಲು, ಮಟ್ಟ ಅತಿ ಕೆಳಗಿರುವಾಗ ಅಳೆದರೆ ಮಾತ್ರ ಆ ಅಂಕಿಗೆ ಅರ್ಥ. ಮಾತ್ರೆ ನುಂಗಿ ಹೋಗಿ ರಕ್ತ ಕೊಟ್ಟರೆ ಮಟ್ಟ ಸುಮ್ನೆ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಮತ್ತೆ ಅಪಾಯ.

ಇದರ ಜೊತೆ ಸಾಮಾನ್ಯವಾಗಿ ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಇರುತ್ತವೆ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್. ಅದನ್ನು ಹಂತ ಹಂತವಾಗಿ ಇಳಿಸುತ್ತಾರೆ. ಯಾವ ದಿನಾಂಕಕ್ಕೆ ಎಷ್ಟು ಅನ್ನುವುದನ್ನು ಬರೆಸಿಕೊಳ್ಳಿ, ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೈಕೋಫಿನೊಲೇಟ್ ಕ್ಯಾಪ್ಸೂಲ್ ಬಿಚ್ಚುವುದು, ಮಾತ್ರೆ ಪುಡಿ ಮಾಡುವುದು ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಹಾನಿ ಮಾಡುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಒಡೆದ ಮಾತ್ರೆ ಅವರು ಮುಟ್ಟಬಾರದು. ಕಸಿ ಆದವರು ಮಗು ಹೆರುವ ವಯಸ್ಸಿನವರಾದರೆ ಗರ್ಭ ತಡೆಯುವ ವಿಧಾನದ ಬಗ್ಗೆ ಡಿಸ್ಚಾರ್ಜಿಗೆ ಮೊದಲೇ ಮಾತಾಡಿ. ಕಡಿಮೆ ಅಂದರೆ ಒಂದು ವರ್ಷ ಕಾಯಲು ಹೇಳುತ್ತಾರೆ.

ಇವು ದೇಹದ ಕಾವಲನ್ನೇ ಕುಗ್ಗಿಸುವ ಔಷಧಿಗಳು. ಅದಕ್ಕೇ ಸೋಂಕು ತಡೆಯಲು ಬೇರೆ ಮಾತ್ರೆಗಳು ಬರುತ್ತವೆ. ಶ್ವಾಸಕೋಶದ ಒಂದು ಸೋಂಕಿಗೆ ಕೋಟ್ರಿಮಾಕ್ಸಜೋಲ್, ಸಿಎಂವಿ ಅನ್ನುವ ವೈರಸ್ಸಿಗೆ ವಾಲ್‌ಗ್ಯಾನ್ಸಿಕ್ಲೋವಿರ್. "ಅಣ್ಣ ಚೆನ್ನಾಗಿದ್ದಾನಲ್ಲ, ಇವೆಲ್ಲ ಇನ್ನೂ ಬೇಕಾ" ಅಂತ ನನಗೂ ಅನ್ನಿಸಿತ್ತು. ಬೇಕು. ತಿಂಗಳುಗಟ್ಟಲೆ ಬೇಕು.

ಡಿಸ್ಚಾರ್ಜಿಗೆ ಮೊದಲು ಈ ನಾಲ್ಕು ಪ್ರಶ್ನೆಗೆ ಉತ್ತರ ಬರಹದಲ್ಲಿ ಪಡೆಯಿರಿ: ಒಂದು ಡೋಸ್ ಮರೆತರೆ ಏನು ಮಾಡಬೇಕು, ಎಷ್ಟು ಗಂಟೆಯೊಳಗೆ ನೆನಪಾದರೆ ಕೊಡಬಹುದು? ಮಾತ್ರೆ ನುಂಗಿದ ಮೇಲೆ ವಾಂತಿ ಆದರೆ? ಭೇದಿ ಆದರೆ? ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು? ಮರೆತ ಡೋಸಿಗೆ ಎರಡರಷ್ಟು ಕೊಡುವುದಂತೂ ಎಂದೂ ಬೇಡ. ಭೇದಿಯನ್ನು ನಾವು ಸಣ್ಣದು ಅಂದುಕೊಳ್ಳುತ್ತೇವೆ, ಆದರೆ ಭೇದಿ ಆದಾಗ ಟ್ಯಾಕ್ರೋಲಿಮಸ್ ಮಟ್ಟ ರಕ್ತದಲ್ಲಿ ಏರಬಹುದು. ಏರಿದರೆ ಕೈ ನಡುಕ, ತಲೆನೋವು, ಕಿಡ್ನಿಗೆ ತೊಂದರೆ.

ಬೇರೆ ಔಷಧಿಗಳ ವಿಷಯಕ್ಕೆ ಬಂದರೆ, ಯಾರೇ ಕೊಟ್ಟರೂ, ಹಲ್ಲಿನ ಡಾಕ್ಟರೇ ಆಗಿರಲಿ, ಕಸಿ ತಂಡವನ್ನು ಕೇಳದೆ ಒಂದು ಮಾತ್ರೆಯೂ ಒಳಗೆ ಹೋಗಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಕಿಡ್ನಿಗೆ ಹೊಡೆಯುತ್ತವೆ. ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ರಿಫಾಂಪಿಸಿನ್, ಫೆನಿಟಾಯಿನ್ ಇಳಿಸುತ್ತವೆ. ಗ್ರೇಪ್‌ಫ್ರೂಟ್, ಚಕ್ಕೋತ ಹಣ್ಣು ಮತ್ತು ಅವುಗಳ ರಸ ಮಟ್ಟ ಏರಿಸುವುದರಿಂದ ಪೂರ್ತಿ ಬಿಡಬೇಕು. ಗಿಡಮೂಲಿಕೆ ಔಷಧಿ, ಶಕ್ತಿ ಬರುವ ಪುಡಿ ಅಂತ ಪ್ರೀತಿಯಿಂದ ತಂದುಕೊಡುವವರು ಇರುತ್ತಾರೆ. ಅವರ ಮನಸ್ಸು ನೋಯಿಸದೆ ತೆಗೆದುಕೊಳ್ಳಿ, ಆದರೆ ರೋಗಿಗೆ ಕೊಡಬೇಡಿ.

ಆಪರೇಷನ್‌ಗೂ ಮೊದಲೇ ಮುಗಿಸಬೇಕಾದ್ದು

ಕಸಿಗೆ ಹೆಸರು ಬರೆಸಿದ ದಿನವೇ ಮನೆಗೆ ಬರುವ ದಿನದ ಯೋಚನೆ ಶುರುವಾಗಬೇಕು. ಆಮೇಲೆ ಐಸಿಯು ಬಾಗಿಲಲ್ಲಿ ನಿಂತಾಗ ಇದೆಲ್ಲ ಹೊಳೆಯುವುದಿಲ್ಲ. ಮೊದಲ ಕೆಲವು ವಾರ ಹಗಲು ರಾತ್ರಿ ಜೊತೆಗಿರುವವರು ಯಾರು, ಅವರಿಗೆ ಕೆಲಸದಿಂದ ರಜೆ ಸಿಗುತ್ತದಾ, ಅವರಿಗೆ ಬದಲಿ ಯಾರು? ಮನೆ ದೂರ ಇದ್ದರೆ ಮೊದಲ ವಾರಗಳಲ್ಲಿ ಆಸ್ಪತ್ರೆಯ ಹತ್ತಿರ ಉಳಿಯಲು ಜಾಗ ಬೇಕು. ಶುರುವಿನಲ್ಲಿ ವಾರಕ್ಕೆ ಎರಡು ಸಲ ರಕ್ತ ಪರೀಕ್ಷೆ ಇರಬಹುದು. ಯಾವ ಹೊತ್ತಿನಲ್ಲೂ ಕರೆದೊಯ್ಯುವ ಗಾಡಿ ಯಾವುದು, ಓಡಿಸುವವರು ಯಾರು ಅನ್ನುವುದೂ ತೀರ್ಮಾನ ಆಗಿರಲಿ. ಕಸಿ ಆದವರು ಡಾಕ್ಟರು ಒಪ್ಪುವವರೆಗೆ, ಸಾಮಾನ್ಯವಾಗಿ 6ರಿಂದ 8 ವಾರ, ಗಾಡಿ ಓಡಿಸುವಂತಿಲ್ಲ.

ಮನೆಯಲ್ಲಿ ಗೋಡೆ ಒಡೆಯುವುದು, ರಿಪೇರಿ ಇದ್ದರೆ ಮೊದಲೇ ಮುಗಿಸಿ. ಆ ಧೂಳಿನಲ್ಲಿರುವ ಬೂಸ್ಟು ಇವರ ಶ್ವಾಸಕೋಶಕ್ಕೆ ಹೋದರೆ ಕಷ್ಟ. ಗೋಡೆಯಲ್ಲಿ ಬೂಸ್ಟು ಕಟ್ಟಿದ್ದರೆ ತೆಗೆಸಿ. ಬೆಕ್ಕಿನ ಕಕ್ಕ, ಹಕ್ಕಿಗೂಡು ಸ್ವಚ್ಛ ಮಾಡುವ ಕೆಲಸ ಬೇರೆಯವರ ಪಾಲಿಗೆ ಹೋಗಲಿ. ತೋಟದ ಮಣ್ಣು ಕೆದಕುವುದೂ ಹಾಗೆಯೇ. ಒಂದು ಕೋಣೆ, ಸಾಧ್ಯವಾದರೆ ಹತ್ತಿರವೇ ಬಚ್ಚಲು, ರಾತ್ರಿ ಎದ್ದರೆ ಕಾಲಿಗೆ ತೊಡರದ ದಾರಿ. ಎತ್ತರದ ಮಂಚ ಇರಲಿ, ನೆಲದ ಹಾಸಿಗೆಯಿಂದ ಏಳುವುದು ಹೊಟ್ಟೆಯ ಹೊಲಿಗೆಗೆ ನೋವು.

ತರಿಸಿಡಬೇಕಾದ ಸಾಮಾನು ಕಡಿಮೆಯೇ: ಥರ್ಮಾಮೀಟರ್, ಬಿಪಿ ನೋಡುವ ಯಂತ್ರ, ತೂಕದ ಯಂತ್ರ, ಶುಗರ್ ನೋಡುವ ಯಂತ್ರ, ಏಳು ದಿನದ ಮಾತ್ರೆ ಡಬ್ಬಿ. ಅವುಗಳನ್ನು ವಾರ್ಡಿಗೇ ತಂದು ಅಲ್ಲಿನ ಯಂತ್ರದ ಪಕ್ಕ ಇಟ್ಟು ಹೋಲಿಸಿ ನೋಡಿ. ನಮ್ಮ ಬಿಪಿ ಯಂತ್ರ 15 ಅಂಕಿ ಜಾಸ್ತಿ ತೋರಿಸುತ್ತಿತ್ತು. ಬದಲಾಯಿಸಿದೆವು.

ಲಸಿಕೆಯ ಮಾತೂ ಇದೆ. ಕಸಿ ಆದವರಿಗೆ ಜೀವಂತ ವೈರಸ್ ಇರುವ ಲಸಿಕೆ ಕೊಡುವಂತಿಲ್ಲ. ಮನೆಯವರು ಫ್ಲೂ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು. ಮನೆಯಲ್ಲಿ ಪುಟ್ಟ ಮಗು ಇದ್ದು ಬಾಯಿಗೆ ಹಾಕುವ ಪೋಲಿಯೊ ಹನಿ ಹಾಕಿಸುವುದಿದ್ದರೆ ಮೊದಲು ತಂಡವನ್ನು ಕೇಳಿ.

ಲಿವರ್ ಕೊಟ್ಟವರು

ಜೀವಂತ ದಾನಿಯಿಂದ ಕಸಿ ಆಗಿದ್ದರೆ ನಿಮ್ಮ ಮನೆಗೆ ಬರುವವರು ಇಬ್ಬರು ರೋಗಿಗಳು. ಇದನ್ನು ನಾವು ಸರಿಯಾಗಿ ಯೋಚಿಸಿರಲಿಲ್ಲ. ಅತ್ತಿಗೆ ಒಂದು ವಾರಕ್ಕೇ ಮನೆಗೆ ಬಂದರು. ಎಲ್ಲರ ಗಮನ ಅಣ್ಣನ ಮೇಲೆ. ಬಂದವರೆಲ್ಲ ಕೇಳಿದ್ದು ಅಣ್ಣನನ್ನೇ. ಅತ್ತಿಗೆ ಸುಮ್ಮನೆ ಎದ್ದು ಮನೆ ಕೆಲಸಕ್ಕೆ ನಿಂತುಬಿಟ್ಟಿದ್ದರು. ಆರೋಗ್ಯವಾಗಿದ್ದ ದೇಹಕ್ಕೆ ದೊಡ್ಡ ಆಪರೇಷನ್ ಆಗಿದೆ, ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿದೆ. ಉಳಿದ ಭಾಗ ಕೆಲವು ವಾರಗಳಲ್ಲೇ ಬಹುಮಟ್ಟಿಗೆ ಬೆಳೆದುಕೊಳ್ಳುತ್ತದೆ, ಆದರೆ ಆಯಾಸ ಎರಡು ಮೂರು ತಿಂಗಳು ಬಿಡುವುದಿಲ್ಲ.

ದಾನಿಗೆ ಬೇರೆಯೇ ಡಿಸ್ಚಾರ್ಜ್ ತಯಾರಿ ಬೇಕು, ನೋಡಿಕೊಳ್ಳುವವರೂ ಬೇರೆಯವರೇ ಬೇಕು. ಅವರಿಗೂ ಭಾರ ಎತ್ತುವಂತಿಲ್ಲ. ಜ್ವರ, ಜಾಸ್ತಿಯಾಗುವ ಹೊಟ್ಟೆನೋವು, ಕಣ್ಣು ಹಳದಿ, ಒಂದು ಕಾಲು ಊದಿ ನೋವು, ಉಸಿರು ಕಟ್ಟುವುದು, ಯಾವುದು ಕಂಡರೂ ಅವರ ವಿಷಯದಲ್ಲೂ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು. ಎರಡನೇ ಸಲ ಅತ್ತಿಗೆಯ ತಾಯಿ ಬಂದು ಅವರ ಜೊತೆ ಉಳಿದರು. ಆ ಒಂದು ಏರ್ಪಾಡಿನಿಂದ ಮನೆಯ ಅರ್ಧ ಭಾರ ಇಳಿಯಿತು.

ಡಿಸ್ಚಾರ್ಜ್ ಸಮ್ಮರಿಯನ್ನು ಕೂತು ಓದಿ

ಹೊರಡುವ ಹಿಂದಿನ ದಿನವೇ ಅದರ ಕರಡು ಪ್ರತಿ ಕೇಳಿ. ಕೊಡುತ್ತಾರೆ. ಬೇರೆ ಯಾವ ಡಾಕ್ಟರು ತುರ್ತಿನಲ್ಲಿ ನೋಡಿದರೂ ಆ ಕಾಗದ ನೋಡಿ ವಿಷಯ ತಿಳಿಯುವಂತಿರಬೇಕು. ಕಸಿ ಆದ ದಿನಾಂಕ, ಪೂರ್ತಿ ಲಿವರೋ ಭಾಗವೋ, ಯಾಕೆ ಕಸಿ ಆಯಿತು, ಪಿತ್ತನಾಳದಲ್ಲಿ ಸ್ಟೆಂಟ್ (ಸಣ್ಣ ಕೊಳವೆ) ಇಟ್ಟಿದ್ದಾರಾ, ದಾನಿ ಮತ್ತು ರೋಗಿಯ ಸಿಎಂವಿ ಪರೀಕ್ಷೆ ಏನು ಹೇಳುತ್ತದೆ, ಕೊನೆಯ ರಕ್ತ ಪರೀಕ್ಷೆಯ ಅಂಕಿಗಳು, ಟ್ಯಾಕ್ರೋಲಿಮಸ್ ಈಗ ಎಷ್ಟಿದೆ, ಎಷ್ಟರಿಂದ ಎಷ್ಟರೊಳಗೆ ಇರಬೇಕು, ಹೊರಡುವ ದಿನದ ತೂಕ. ಹೆಪಟೈಟಿಸ್ ಬಿ ಇಂದ ಲಿವರ್ ಕೆಟ್ಟಿದ್ದರೆ ಅದರ ಔಷಧಿಯೂ ಪಟ್ಟಿಯಲ್ಲಿ ಇರಲೇಬೇಕು.

ಸ್ಟೆಂಟ್ ಇದ್ದರೆ ಅದನ್ನು ತೆಗೆಸುವ ಅಂದಾಜು ದಿನಾಂಕ ಬರೆಸಿಕೊಳ್ಳಿ. ಒಳಗಿರುವುದು ಕಣ್ಣಿಗೆ ಕಾಣುವುದಿಲ್ಲ, ಮರೆತರೆ ಕಟ್ಟಿಕೊಂಡು ಸೋಂಕಾಗಬಹುದು. ಹೊಲಿಗೆ ಅಥವಾ ಪಿನ್ ತೆಗೆಯುವ ದಿನವೂ ಬೇಕು.

ನಾವು ಎರಡನೇ ಸಲ ಸಮ್ಮರಿಯ ಔಷಧಿ ಪಟ್ಟಿಯನ್ನು ವಾರ್ಡಿನ ಚಾರ್ಟಿನ ಜೊತೆ ಒಂದೊಂದೇ ಸಾಲು ಹೋಲಿಸಿದೆವು. ಮೆಗ್ನೀಷಿಯಂ ಮಾತ್ರೆ ಬಿಟ್ಟುಹೋಗಿತ್ತು. ಹೇಳಿದ ಕೂಡಲೇ ಸೇರಿಸಿದರು.

ಯಾವಾಗ ಫೋನ್ ಮಾಡಬೇಕು

ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ. ಬೆಳಿಗ್ಗೆ ಸಂಜೆ ಬಿಪಿ ಮತ್ತು ಜ್ವರ. ಹೇಳಿದ್ದರೆ ಶುಗರ್. ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿ, ದಿನಕ್ಕೊಂದು ಸಾಲು. ಚೆಕಪ್ಪಿಗೆ ಹೋಗುವಾಗ ಮಾತ್ರೆ ಪಟ್ಟಿಯ ಜೊತೆ ಇದೂ ಕೈಯಲ್ಲಿರಲಿ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಆ ಕ್ಷಣವೇ ಫೋನ್. ರಾತ್ರಿ ಆಗಿದೆ, ಬೆಳಿಗ್ಗೆ ನೋಡೋಣ ಅನ್ನಬೇಡಿ. ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿಬಿಟ್ಟರೆ ಗುರುತೇ ಅಳಿಸಿದಂತೆ. ಸ್ಟೀರಾಯ್ಡ್ ಇರುವಾಗ ಜ್ವರ ಪೂರ್ತಿ ಏರದೆಯೂ ಇರಬಹುದು. ಹಾಗಾಗಿ ಚಳಿ, ನಡುಕ ಬಂದರೂ ಸಾಕು, ಫೋನ್ ಮಾಡಿ. ಮುಂದಿನವು ಕಂಡರೂ ಹಾಗೆಯೇ. ಕಣ್ಣು, ಚರ್ಮ ಹಳದಿ, ಮೂತ್ರ ಗಾಢ ಬಣ್ಣ, ಮಲ ಬಿಳಚಿಕೊಳ್ಳುವುದು, ಮೈಯೆಲ್ಲ ತುರಿಕೆ. ಗಾಯ ಕೆಂಪಾಗಿ ಕೀವು ಅಥವಾ ಹಳದಿ ಹಸಿರು ನೀರು. ಹೊಟ್ಟೆನೋವು ಜಾಸ್ತಿ ಆಗುತ್ತಾ ಹೋಗುವುದು. ಮಲ ಕಪ್ಪಾಗುವುದು, ವಾಂತಿಯಲ್ಲಿ ರಕ್ತ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ. ಮೂತ್ರ ತೀರಾ ಕಡಿಮೆ. ಒಂದು ದಿನಕ್ಕೆ 1 ಕಿಲೊ ಅಥವಾ ವಾರಕ್ಕೆ 2 ಕಿಲೊಗಿಂತ ಜಾಸ್ತಿ ತೂಕ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಅಂತ. ಗೊಂದಲದ ಮಾತು, ಎಚ್ಚರ ತಪ್ಪುವುದು, ಉಸಿರಾಟದ ಕಷ್ಟ ಕಂಡರೆ ಫೋನಿನಲ್ಲಿ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ, ದಾರಿಯಲ್ಲಿ ಫೋನ್ ಮಾಡಿ.

ಇದಾವುದೂ ಇಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೂ ಅಲ್ಲ. ನಮ್ಮ ಅಣ್ಣನಿಗೆ ಆಗಿದ್ದು ಅದೇ. ಶುರುವಿನ ರಿಜೆಕ್ಷನ್ ಎಷ್ಟೋ ಸಲ ರಕ್ತ ಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಅದಕ್ಕೇ ಒಂದು ಪರೀಕ್ಷೆಯನ್ನೂ ತಪ್ಪಿಸಬೇಡಿ, ಒಂದು ದಿನ ಮುಂದಕ್ಕೂ ಹಾಕಬೇಡಿ.

ಫೋನ್ ನಂಬರುಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹೊರಡುವ ಮೊದಲು ವಾರ್ಡಿನಲ್ಲಿ ಕೂತೇ ಒಂದು ಸಲ ಆ ನಂಬರಿಗೆ ಫೋನ್ ಮಾಡಿ ನೋಡಿ. ನಮಗೆ ಕೊಟ್ಟಿದ್ದ ಒಂದು ನಂಬರು ಹಗಲಲ್ಲಿ ಮಾತ್ರ ಎತ್ತುವಂಥದ್ದು ಅಂತ ಆಗಲೇ ಗೊತ್ತಾಗಿದ್ದು.

ಊಟ, ನಡಿಗೆ, ನೆಗಡಿ

ತುಂಬ ದಿನ ಕಾಯಿಲೆ ಇದ್ದವರ ಮಾಂಸಖಂಡ ಕರಗಿರುತ್ತದೆ. ಪ್ರೋಟೀನ್ ಜಾಸ್ತಿ ಬೇಕು. ಒಂದೇ ಸಲ ಹೊಟ್ಟೆ ತುಂಬ ತಿನ್ನಲು ಆಗದಿದ್ದರೆ ಸ್ವಲ್ಪ ಸ್ವಲ್ಪ ಐದಾರು ಸಲ. ಎಲ್ಲ ಚೆನ್ನಾಗಿ ಬೆಂದಿರಲಿ. ಹಸಿ ಮಾಂಸ, ಹಸಿ ಮೀನು, ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ಹಸಿ ಮೊಳಕೆಕಾಳು, ತುಂಬ ಹೊತ್ತು ಹೊರಗಿಟ್ಟ ಅಡುಗೆ ಬೇಡ. ನೀರು ಕುದಿಸಿ ಆರಿಸಿದ್ದು. ಟ್ಯಾಕ್ರೋಲಿಮಸ್ ಪೊಟ್ಯಾಸಿಯಂ ಏರಿಸಬಹುದು, ಹಾಗಾಗಿ ಯಾವ ಹಣ್ಣು ಎಷ್ಟು ಅನ್ನುವುದನ್ನು ಡಯಟಿಷಿಯನ್ ರಿಪೋರ್ಟ್ ನೋಡಿ ಹೇಳಲಿ. ಮದ್ಯ, ತಂಬಾಕು ಎರಡೂ ಬೇಡವೇ ಬೇಡ.

ಮೊದಲ 6ರಿಂದ 8 ವಾರ, ಕೆಲವು ಕಡೆ 12 ವಾರ, 4ರಿಂದ 5 ಕಿಲೊಗಿಂತ ಭಾರ ಎತ್ತಬಾರದು. ಹೊಟ್ಟೆಯ ಗೋಡೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಹರ್ನಿಯಾ ಆಗಬಹುದು. ಮಗುವನ್ನು ಎತ್ತಿಕೊಳ್ಳುವುದೂ ಭಾರವೇ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದನ್ನು ಫಿಸಿಯೋ ಕಲಿಸುತ್ತಾರೆ. ನಡಿಗೆ ಮಾತ್ರ ದಿನಾ ಬೇಕು. ಮೆಟ್ಟಿಲು ಇರುವ ಮನೆಯಾದರೆ ಮೆಟ್ಟಿಲು ಹತ್ತುವುದನ್ನೂ ವಾರ್ಡಿನಲ್ಲೇ ಮಾಡಿಸಿ.

ಕೈ ತೊಳೆಯುವುದು ಮನೆಗೆ ಬರುವ ಪ್ರತಿಯೊಬ್ಬರಿಗೂ ಕಡ್ಡಾಯ, ಸೋಪು ಹಾಕಿ 20 ಸೆಕೆಂಡು. ನೆಗಡಿ ಇದ್ದವರು ಬರುವಂತಿಲ್ಲ. ಅಣ್ಣನ ಮಗಳಿಗೆ 9 ವರ್ಷ. ಅವಳಿಗೆ ನೆಗಡಿ ಆದಾಗ ಬಾಗಿಲ ಹೊರಗಿಂದ ಅಪ್ಪನಿಗೆ ಕತೆ ಓದಿ ಹೇಳಿದಳು. ಬಂಧುಗಳಿಗೆ "ಒಂದು ತಿಂಗಳು ಫೋನಿನಲ್ಲೇ ಮಾತಾಡಿ" ಅಂತ ಮೊದಲೇ ಹೇಳಿದೆ. ಬೇಜಾರು ಮಾಡಿಕೊಂಡವರು ಕಡಿಮೆ.

ಮನಸ್ಸು

ಇದರ ಬಗ್ಗೆ ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ಅಣ್ಣ ರಾತ್ರಿ ಬೆಚ್ಚಿ ಏಳುತ್ತಿದ್ದ. ಐಸಿಯುವಿನ ಕೆಟ್ಟ ಕನಸುಗಳು. ಸ್ಟೀರಾಯ್ಡಿನಿಂದ ಸಣ್ಣದಕ್ಕೂ ಸಿಟ್ಟು, ಮರುಗಳಿಗೆ ಅಳು. ಅತ್ತಿಗೆಯ ಮುಖ ನೋಡಿದರೆ ತಪ್ಪಿತಸ್ಥನಂತೆ ತಲೆ ತಗ್ಗಿಸುತ್ತಿದ್ದ. ತೀರಿಹೋದವರ ಲಿವರ್ ಪಡೆದವರಿಗೂ ಈ ಭಾರ ಇರುತ್ತದೆ. ಡಿಸ್ಚಾರ್ಜಿಗೆ ಮೊದಲೇ ತಂಡದ ಆಪ್ತಸಮಾಲೋಚಕರ ಜೊತೆ ಒಂದು ಸಲ ಕೂರಿಸಿ, ಮನೆಗೆ ಬಂದ ಮೇಲೆ ಇನ್ನೊಂದು ಸಲಕ್ಕೆ ದಿನ ಗೊತ್ತುಮಾಡಿಕೊಳ್ಳಿ.

ನೋಡಿಕೊಳ್ಳುವವರಿಗೂ ಹೇಳುತ್ತೇನೆ, ನಿದ್ದೆ ಮಾಡಿ. ನಾನು ಮೊದಲ ಸಲ ತಪ್ಪು ಎಣಿಸಿದ್ದು ನಾಲ್ಕು ರಾತ್ರಿ ನಿದ್ದೆಗೆಟ್ಟ ಮೇಲೆ. ಎರಡನೇ ಸಲ ವಾರಕ್ಕೆ ಎರಡು ರಾತ್ರಿ ನನ್ನ ಬದಲು ತಮ್ಮ ಬಂದು ಮಲಗಿದ.

ಹೊರಡುವ ದಿನ

ಹೊರಡುವ ಹೊತ್ತನ್ನು ಎರಡು ಡೋಸಿನ ನಡುವೆ ಇಟ್ಟುಕೊಳ್ಳಿ. ಬೆಳಗಿನ 8ರ ಮಾತ್ರೆ ವಾರ್ಡಿನಲ್ಲೇ ಆಗಲಿ. ರಾತ್ರಿ 8ರದ್ದು ಕೈಚೀಲದಲ್ಲಿ ಇರಲಿ, ಗಾಡಿಯ ಡಿಕ್ಕಿಯಲ್ಲಿ ಬೇಡ. ಔಷಧಿಯೆಲ್ಲ ಕೈಗೆ ಬಂದ ಮೇಲೆಯೇ ವಾರ್ಡ್ ಬಿಡಿ. ಕಡಿಮೆ ಅಂದರೆ ಎರಡು ವಾರಕ್ಕೆ ಆಗುವಷ್ಟಿರಲಿ. ಒಂದು ವಾರದ್ದು ಉಳಿದಾಗಲೇ ಮುಂದಿನದನ್ನು ತರಿಸಬೇಕು. ಪೆಟ್ಟಿಗೆ ಒಡೆದು ಪ್ರತಿ ಮಾತ್ರೆ ಸ್ಟ್ರಿಪ್ಪಿನ ಮೇಲಿನ ಮಿಲಿಗ್ರಾಂ ಅಂಕಿಯನ್ನು ನಿಮ್ಮ ಹಾಳೆಯ ಜೊತೆ ನೋಡಿ. ನಾನು ನರ್ಸಿನ ಮೇಜಿನ ಮೇಲೆ ಎಲ್ಲ ಹರಡಿ, ಅವರ ಎದುರೇ ಮೊದಲ ವಾರದ ಡಬ್ಬಿ ತುಂಬಿದೆ. ನಲವತ್ತು ನಿಮಿಷ ಹಿಡಿಯಿತು. ಅವರು ಅವಸರ ಮಾಡಲಿಲ್ಲ.

ಸಮ್ಮರಿಯ ಎರಡು ಪ್ರತಿ, ಮೊದಲ ಚೆಕಪ್ಪಿನ ದಿನಾಂಕ ಮತ್ತು ಹೊತ್ತು, ರಕ್ತ ಕೊಡುವ ಜಾಗ, ಎಲ್ಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ. ಗಾಡಿಯಲ್ಲಿ ಸೀಟ್‌ಬೆಲ್ಟಿಗೂ ಹೊಟ್ಟೆಗೂ ನಡುವೆ ಒಂದು ಮೆತ್ತನೆಯ ದಿಂಬು.

ಮನೆಗೆ ಬಂದ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ತೂಕ ನೋಡಿ ಬರೆಯಿರಿ. ಮನೆಯ ಯಂತ್ರದಲ್ಲಿ ಬಂದ ಆ ಅಂಕಿಯಿಂದಲೇ ಮುಂದಿನ ಲೆಕ್ಕ. ರಾತ್ರಿ 8ಕ್ಕೆ ಮಾತ್ರೆ ಕೊಟ್ಟು ಟಿಕ್ ಹಾಕಿ. ಮರುದಿನ ರಕ್ತ ಕೊಡುವುದಿದ್ದರೆ ಬೆಳಗಿನ ಟ್ಯಾಕ್ರೋಲಿಮಸನ್ನು ಡಬ್ಬಿಯಿಂದ ಬೇರೆ ತೆಗೆದು ಒಂದು ಲಕೋಟೆಗೆ ಹಾಕಿ, ಮೇಲೆ "ರಕ್ತ ಕೊಟ್ಟ ಮೇಲೆ" ಅಂತ ಬರೆದು, ನೋಟ್‌ಬುಕ್ಕಿನ ಜೊತೆ ಕೈಚೀಲದಲ್ಲಿಟ್ಟು ಮಲಗಿ.